ಸಹಾಯ ಬೇಕು: ಗೇಮಿಂಗ್ ಲ್ಯಾಪ್‌ಟಾಪ್‌ಗೆ ಬೇರೆ ಪ್ರೊಸೆಸರ್ ಹಾಕಿಸಬಹುದಾ?

ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕದವನು. ನನ್ನ ಲ್ಯಾಪ್‌ಟಾಪ್‌ನಲ್ಲಿ ಇಂಟೆಲ್ ಐ5-9300ಎಚ್ ಪ್ರೊಸೆಸರ್, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಇದೆ. ಹೊಸ ಗೇಮ್ ಹಾಕಿದರೆ ಪ್ರೊಸೆಸರ್ 100% ಮುಟ್ಟುತ್ತದೆ, ಗ್ರಾಫಿಕ್ಸ್ ಕಾರ್ಡ್ ಸುಮ್ನೆ ಕೂತಿರುತ್ತದೆ. ರ‍್ಯಾಮ್ 16 ಜಿಬಿ ಮಾಡಿಸಿದೆ, ಎಸ್‌ಎಸ್‌ಡಿ ಹಾಕಿಸಿದೆ, ಫ್ಯಾನ್ ಕ್ಲೀನ್ ಮಾಡಿ ಥರ್ಮಲ್ ಪೇಸ್ಟ್ ಕೂಡ ಬದಲಿಸಿದೆ. ಬಿಸಿ ಕಡಿಮೆಯಾಯಿತು, ಆದರೆ ಗೇಮ್ ತಡವರಿಸುವುದು ನಿಲ್ಲಲಿಲ್ಲ.

ಐ7-9750ಎಚ್ ಹಾಕಿಸೋಣ ಅಂತ ಕಾಸರಗೋಡಿನ ಅಂಗಡಿಗೆ ಹೋದರೆ, ಚಿಪ್ಪನ್ನು ಮದರ್‌ಬೋರ್ಡಿಗೇ ಬೆಸೆದಿದ್ದಾರೆ, ಆಗಲ್ಲ ಎಂದರು. ಅದು ನಿಜ, ಎರಡೂ ಬಿಜಿಎ, ಅಂದರೆ ಸಾಕೆಟ್ ಇಲ್ಲದೆ ನೇರ ಬೋರ್ಡಿಗೆ ಬೆಸೆಯುವ ಚಿಪ್. ಅಣ್ಣನ ಹಳೇ ಲ್ಯಾಪ್‌ಟಾಪ್‌ನ ಐ7-4700ಎಂಕ್ಯೂ ಸಾಕೆಟ್‌ನಿಂದ ಆರಾಮಾಗಿ ಎದ್ದು ಬರುತ್ತಿತ್ತು, ಈಗ ಆ ಸುಖ ಇಲ್ಲ! ಮಂಗಳೂರಿನ ರಿಪೇರಿಯವರೊಬ್ಬರು ಮಾತ್ರ ಮಷಿನ್‌ನಲ್ಲಿ ಬಿಸಿ ಮಾಡಿ ಹಳೆಯದು ತೆಗೆದು ಹೊಸದು ಕೂರಿಸಿ ಕೊಡುತ್ತೇನೆ ಅನ್ನುತ್ತಾರೆ. ಬೋರ್ಡ್ ಹೋದರೆ ಅವರ ಜವಾಬ್ದಾರಿ ಇಲ್ಲವಂತೆ.

ಎರಡೂ 45 ವ್ಯಾಟ್‌ನವು, ಇದೇ ಮಾಡೆಲ್ ಐ7ನಲ್ಲೂ ಬಂದಿತ್ತು, ಹಾಗಾಗಿ ಆಸೆ ಬಿಡುತ್ತಿಲ್ಲ. ಆದರೆ 4 ಕೋರ್ ಇದ್ದಲ್ಲಿ 6 ಕೋರ್ ಕೂರಿಸಿದರೆ ನನ್ನ ಬೋರ್ಡ್ ತಡೆದುಕೊಳ್ಳುತ್ತದಾ ಎನ್ನುವುದೇ ಗೊಂದಲ.

ಯಾರಾದರೂ ಹೀಗೆ 9300ಎಚ್ ತೆಗೆಸಿ 9750ಎಚ್ ಹಾಕಿಸಿದ್ದೀರಾ? ಬಯೋಸ್ (ಆನ್ ಮಾಡಿದಾಗ ಮೊದಲು ಓಡುವ ಬೋರ್ಡಿನ ಸಾಫ್ಟ್‌ವೇರ್) ಹೊಸ ಚಿಪ್ಪನ್ನು ಗುರುತಿಸಿತಾ? ಇಲ್ಲಾ, ಇದನ್ನು ಮಾರಿ ಬೇರೆ ತಗೊಳ್ಳೋದೇ ವಾಸಿಯಾ?