ಲಂಡನ್–ನ್ಯೂಯಾರ್ಕ್: ಹೋಗೋಕೆ 8 ಗಂಟೆ, ಬರೋಕೆ 7. ಯಾಕೆ?

ಪ್ರಶ್ನೆ: ಲಂಡನ್‌ನ ಹೀಥ್ರೂ ನಿಲ್ದಾಣದಿಂದ ನ್ಯೂಯಾರ್ಕ್‌ನ ಜೆಎಫ್‌ಕೆ ನಿಲ್ದಾಣಕ್ಕೆ ನೇರ ವಿಮಾನದಲ್ಲಿ ದೂರ ಎಷ್ಟು? ಹೋಗುವಾಗ, ಬರುವಾಗ ಸಮಯ ಬೇರೆ ಬೇರೆ ತೋರಿಸ್ತಿದೆಯಲ್ಲ, ಟಿಕೆಟ್‌ನಲ್ಲಿರೋದು ಸರೀನಾ?

ಉತ್ತರ 1: ಸರಿಯಾಗಿಯೇ ಇದೆ. ಭೂಮಿಯ ದುಂಡಗಿನ ಮೈಮೇಲೆ ಅತಿ ಹತ್ತಿರದ ದಾರಿ ಸುಮಾರು 5,540 ಕಿ.ಮೀ. ಅಟ್ಲಾಂಟಿಕ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸೋ ಜೆಟ್ ಸ್ಟ್ರೀಮ್ ಗಾಳಿ ಹೋಗುವಾಗ ಎದುರು, ಬರುವಾಗ ಬೆನ್ನಿಗೆ. ಚಳಿಗಾಲದಲ್ಲಿ ಅದರ ಜೋರು ಜಾಸ್ತಿ, ಹಾಗಾಗಿ ವ್ಯತ್ಯಾಸವೂ ಜಾಸ್ತಿ. ಗಾಳಿ ನೋಡಿಕೊಂಡು ದಾರಿಯನ್ನೂ ದಿನಾ ಬದಲಿಸ್ತಾರೆ.

ಉತ್ತರ 2: ದೂರವನ್ನು ಗಂಟೆಗೆ 900 ಕಿ.ಮೀ.ನಿಂದ ಭಾಗಿಸಿ ಸಮಯ ಲೆಕ್ಕ ಹಾಕಬೇಡಿ. ಟಿಕೆಟ್‌ನ ಸಮಯ ಗೇಟಿಂದ ಗೇಟಿಗೆ. ರನ್‌ವೇಗೆ ಸಾಗೋದು, ಸರದಿ ಕಾಯೋದು ಎಲ್ಲ ಅದರಲ್ಲೇ ಸೇರಿದೆ. ಹೊರಡೋ, ತಲುಪೋ ಸಮಯ ಮಾತ್ರ ಆಯಾ ಊರಿನದು: ಲಂಡನ್ ಬೆಳಗ್ಗೆ 11:00 ಬಿಟ್ಟರೆ ನ್ಯೂಯಾರ್ಕ್ ಮಧ್ಯಾಹ್ನ 2:00, ಗಡಿಯಾರದಲ್ಲಿ ಕಳೆದ 3ಕ್ಕೆ ಎರಡೂ ಊರಿನ ಸಮಯದ ಅಂತರ 5 ಗಂಟೆ ಕೂಡಿಸಿ, 8.

ಉತ್ತರ 3: ಆ 5 ಗಂಟೆಯ ಅಂತರ ವರ್ಷವಿಡೀ ಇರಲ್ಲ! ಬೇಸಿಗೆಗೆ ಅಂತ ಅಮೆರಿಕ ಗಡಿಯಾರವನ್ನು ಒಂದು ಗಂಟೆ ಮುಂದಿಡೋದು ಮಾರ್ಚ್ ಎರಡನೇ ಭಾನುವಾರ, ಬ್ರಿಟನ್ ಕೊನೇ ಭಾನುವಾರ. ನಡುವಿನ ದಿನಗಳಲ್ಲಿ ಅಂತರ 4 ಗಂಟೆ. ಅಕ್ಟೋಬರ್ ಕೊನೇ ಭಾನುವಾರದಿಂದ ಒಂದು ವಾರವೂ ಅಷ್ಟೇ. ಆಗ ಮುಂದಿನ ವಿಮಾನ ಬೇರೆ ಟಿಕೆಟ್‌ನಲ್ಲಿದ್ದರೆ ಸಮಯ ಮತ್ತೊಮ್ಮೆ ನೋಡಿಕೊಳ್ಳಿ.