ಕ್ಲಚ್ ‘ಹಿಡಿಯೋದು’ ಅಂದರೆ ಕಾಲೋ, ಪ್ಲೇಟೋ?

ಗೆಳೆಯರೆ,

ಒಂದು ಮಾತಿನ ಗೊಂದಲದಿಂದ ನಮ್ಮ ಮನೆಯ ಹುಡುಗನಿಗೆ ಒಂದಿಡೀ ಶನಿವಾರವೂ ಬೇಡದ ಬಿಡಿಭಾಗದ ದುಡ್ಡೂ ದಂಡ ಬಿದ್ದವು. ತಪ್ಪು ಅವನದಲ್ಲ, ಗ್ಯಾರೇಜಿನ ಉಸ್ತಾದರದೂ ಅಲ್ಲ. ನಡುವೆ ದುಭಾಷಿಯಾಗಿ ಕೂತ ನನ್ನದು, ಉಳಿದದ್ದು ‘ಹಿಡಿ’ ಎಂಬ ಕ್ರಿಯಾಪದದ್ದು. ಅದಕ್ಕೇ ಈ ಪತ್ರ.

ಅಣ್ಣನ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಅವನೊಂದು ಹಳೆಯ ಸ್ಪೋರ್ಟ್ಸ್ ಕಾರು ಕೊಂಡಿದ್ದಾನೆ: ಮಾಜ್ದಾ ಎಂಎಕ್ಸ್-5, 1990ರ ಮಾಡಲ್, 1.6 ಲೀಟರ್ ಎಂಜಿನ್. ಎರಡೇ ಸೀಟು, ಮೇಲಿನ ಟಪ್ಪು ಬಟ್ಟೆಯದು. ಅವನಿಗಿಂತ ವಯಸ್ಸಾದ ಗಾಡಿ. ಮೊನ್ನೆ ಫೋನ್ ಮಾಡಿ, “ಕಾಕಾ, ಕ್ಲಚ್ ಹಿಡಿವಲ್ದು. ಉಸ್ತಾದ್‌ಗ ಒಂದ್ ಮಾತ್ ಕೇಳಿ ಹೇಳ್ತೀರೇನು?” ಅಂದ. ಉಸ್ತಾದರು ಅಂದರೆ ಕಲಬುರಗಿಯಲ್ಲಿ ಹುಮನಾಬಾದ್ ರಸ್ತೆಯ ಕಡೆ ಗ್ಯಾರೇಜು ಇಟ್ಟವರು. ಹುಡುಗ ಇಲ್ಲಿ ಕಾಲೇಜು ಓದುವಾಗ ಪಾಠಕ್ಕಿಂತ ಹೆಚ್ಚು ಹೊತ್ತು ಅವರ ಶಹಾಬಾದ ಕಲ್ಲಿನ ನೆಲದ ಮೇಲೆ, ಗಾಡಿಗಳ ಕೆಳಗೆ ಅಂಗಾತ ಬಿದ್ದಿರುತ್ತಿದ್ದ.

ನಾನು ಮೂವತ್ತು ವರ್ಷ ಸ್ಕೂಟರ್ ಹೊಡೆದವನು. ಎಡಗೈಯಲ್ಲೇ ಕ್ಲಚ್ಚು, ಅದೇ ಕೈಯಲ್ಲಿ ಗೇರು. ನನ್ನ ಲೆಕ್ಕದಲ್ಲಿ ಕ್ಲಚ್ ಹಿಡಿಯುವುದು ಎಂದರೆ ಹಿಡಿಕೆಯನ್ನು ಮುಷ್ಟಿಯಲ್ಲಿ ಒತ್ತಿ ಹಿಡಿಯುವುದು. ಹಾಗಾಗಿ ‘ಹಿಡಿವಲ್ದು’ (ಹಿಡಿಯುತ್ತಿಲ್ಲ) ಎಂದಾಗ, ಪಾಪ, ಕ್ಲಚ್ ಒತ್ತಿದರೂ ಕೆಲಸ ಮಾಡುತ್ತಿಲ್ಲ ಎಂದೇ ತಿಳಿದೆ. ಉಸ್ತಾದರಿಗೂ ಹಾಗೇ ಹೇಳಿದೆ: “ತುಳಿದ್ರೂ ಏನೂ ಆಗವಲ್ದಂತ.” ಅವರು ಕೇಳಿದ್ದು ಒಂದೇ ಪ್ರಶ್ನೆ, ವಾಯರಿನದೋ ಆಯಿಲ್‌ನದೋ ಎಂದು. ಆಯಿಲ್‌ನದು ಎಂದೆ. “ಹಂಗಾದ್ರ ಕೆಳಗಿನ ಸಿಲಿಂಡರ್ ನೋಡಂತ ಹೇಳ್ರಿ ಮಾಸ್ತರ. ಸೀಲ್ ಹೋಗಿರ್ತದ.”

ನಾನು ಹೇಳಿದ ರೋಗಕ್ಕೆ ಅವರು ಕೊಟ್ಟ ಮದ್ದು ಸರಿಯೇ. ಪೆಡಲ್ ತುಳಿದಾಗ ಮೇಲಿನ ಸಿಲಿಂಡರಿನಿಂದ ದ್ರವ ತಳ್ಳಿಕೊಂಡು ಬಂದು, ಗೇರ್‌ಬಾಕ್ಸ್ ಪಕ್ಕದ ಚಿಕ್ಕ ಸಿಲಿಂಡರ್ ಕ್ಲಚ್ಚಿನ ಕವೆಯನ್ನು ನೂಕುತ್ತದೆ. ಹಳೆಯ ಗಾಡಿಗಳಲ್ಲಿ ಅದರ ರಬ್ಬರ್ ಸೀಲು ಸೋರುವುದು ಸಾಮಾನ್ಯ. ಹುಡುಗ ಹೊಸ ಸಿಲಿಂಡರ್ ತರಿಸಿದ, ಶನಿವಾರ ಇಡೀ ಗಾಡಿಯ ಕೆಳಗೆ ಮಲಗಿ ಹಾಕಿದ, ಗಾಳಿ ತೆಗೆದ. ಗಾಡಿ ಮೊದಲು ಹೇಗಿತ್ತೋ ಹಾಗೇ.

ರಾತ್ರಿ ವಿಡಿಯೊ ಕರೆಯಲ್ಲಿ ಇಬ್ಬರನ್ನೂ ಎದುರಾಬದುರು ಕೂಡಿಸಿದೆ. ಉಸ್ತಾದರು ನನ್ನನ್ನು ಪಕ್ಕಕ್ಕೆ ಸರಿಸಿ ಕೇಳಿದರು:

“ಗೇರ್ ಸಲೀಸ ಬೀಳ್ತದೇನು?”

“ಮಸ್ತ್ ಬೀಳ್ತದ, ಉಸ್ತಾದ್.”

“ಏರಿನ್ಯಾಗ ಇಂಜಿನ್ ಒದರ್ತದ, ಗಾಡಿ ಓಡಂಗಿಲ್ಲ. ಹೌದಲ್ಲ?”

“ಹೌದು. ಹೊತ್ತಿದ ವಾಸನಿ ಬರ್ತದ.”

ಉಸ್ತಾದರು ನನ್ನ ಕಡೆ ನೋಡಿದ ನೋಟ ಇನ್ನೂ ಮರೆತಿಲ್ಲ. “ಮಾಸ್ತರ, ಪ್ಲೇಟ್ ಹಿಡಿವಲ್ದಂತಾನ ಅಂವ. ನೀವು ಕಾಲಿನ ಮಾತ್ ಹೇಳೀರಿ.”

ಇಲ್ಲಿದೆ ಗಂಟು. ಎಂಜಿನ್ನಿನ ಹಿಂದೆ ತಿರುಗುವ ಭಾರದ ಚಕ್ರ (ಫ್ಲೈವೀಲ್), ಅದಕ್ಕೆ ಒತ್ತಿಕೊಂಡು ಕ್ಲಚ್ ಪ್ಲೇಟು, ಅದರ ಬೆನ್ನಿಗೆ ಪ್ರೆಶರ್ ಪ್ಲೇಟು. ಸ್ಪ್ರಿಂಗಿನ ಬಲದಿಂದ ಮೂರೂ ಒಂದಾಗಿ ತಿರುಗುತ್ತವೆ. ಅಂದರೆ ಕಾಲು ಮುಟ್ಟದೇ ಇರುವಾಗಲೇ ಕ್ಲಚ್ಚು ಹಿಡಿದಿರುತ್ತದೆ. ಕಾಲು ತುಳಿದಾಗ ಬೇರಿಂಗು ಹೋಗಿ ಸ್ಪ್ರಿಂಗಿನ ಬೆರಳುಗಳನ್ನು ಒತ್ತುತ್ತದೆ, ಪ್ಲೇಟು ಬಿಡುತ್ತದೆ. ಚಾಲಕ ಕ್ಲಚ್ ‘ಹಿಡಿ’ದಾಗ ಪ್ಲೇಟು ಬಿಡುತ್ತದೆ, ಚಾಲಕ ‘ಬಿಟ್ಟಾ’ಗ ಪ್ಲೇಟು ಹಿಡಿಯುತ್ತದೆ. ಎರಡು ಜೋಡಿ ಪದ, ಒಂದಕ್ಕೊಂದು ತಲೆಕೆಳಗು. ‘ಕ್ಲಚ್ ಬಿಡವಲ್ದು’ ಎಂದರೂ ಇದೇ ಪಾಡು. ಗೇರು ಬೀಳದೆ ಕಿರಗುಡುವ ಗಾಡಿಯ ಬಗ್ಗೆ ಹೇಳುತ್ತಿದ್ದಾರೋ, ಪೆಡಲ್ ಮೇಲಿಂದ ಕಾಲು ತೆಗೆಯದ ಹೊಸ ಡ್ರೈವರನ ಬಗ್ಗೆಯೋ, ಮಾತಿನಿಂದ ಗೊತ್ತಾಗುವುದಿಲ್ಲ.

ಉಸ್ತಾದರ ದಖನಿ ಉರ್ದುವಿನಲ್ಲಿ ಈ ತೊಡಕಿಲ್ಲ. ಕಾಲಿಗೆ ಅವರು ‘ದಬಾನಾ’ (ಒತ್ತುವುದು) ಅನ್ನುತ್ತಾರೆ, ಪ್ಲೇಟಿಗೆ ‘ನೈ ಪಕಡ್ರಾ’ (ಹಿಡಿಯುತ್ತಿಲ್ಲ). ನನಗನ್ನಿಸುವುದು, ಕನ್ನಡದಲ್ಲಿ ಈ ಗೋಜಲು ತಂದವರು ನನ್ನಂಥ ದ್ವಿಚಕ್ರಿಗಳು. ಕೈಯಲ್ಲಿರುವ ಕ್ಲಚ್ಚನ್ನು ನಿಜವಾಗಿಯೂ ಹಿಡಿಯುತ್ತೇವೆ. ಮೊದಲು ಬೈಕು ಕಲಿತು ಆಮೇಲೆ ಕಾರಿಗೆ ಬಂದವರು ಕೈಯ ಕ್ರಿಯಾಪದವನ್ನು ಕಾಲಿಗೂ ಹೊತ್ತುಕೊಂಡು ಬಂದಿದ್ದಾರೆ. ಲಾರಿ, ಟ್ರ್ಯಾಕ್ಟರಿನಿಂದ ಶುರು ಮಾಡಿದವರು ‘ಕ್ಲಚ್ ತುಳಿ’ ಅನ್ನುವುದನ್ನೇ ನಾನು ಹೆಚ್ಚು ಕೇಳಿದ್ದು.

ಹಾಗಾಗಿ ಕಾಲಿಗೆ ‘ತುಳಿ’ ಎಂದು ಗೊತ್ತುಮಾಡುವುದು ಕಷ್ಟವಲ್ಲ. ಪ್ಲೇಟಿಗೇನು?

ನನ್ನ ಮತ ‘ಹತ್ತು’ ಪದಕ್ಕೆ. ನಮ್ಮ ಕಡೆ ನಿದ್ದಿ ಹತ್ತುತ್ತದೆ, ಬೆಂಕಿ ಹತ್ತುತ್ತದೆ, ಕೈಗೆ ಬಣ್ಣ ಹತ್ತುತ್ತದೆ, ಚಟ ಹತ್ತುತ್ತದೆ. ಹಳಗನ್ನಡದ ‘ಪತ್ತು’, ಅಂಟಿಕೊಳ್ಳು, ಕೂಡಿಕೊಳ್ಳು ಎಂಬ ಅರ್ಥದ್ದು. ತಮಿಳಿನ ‘ಪಟ್ರು’, ತೆಲುಗಿನ ‘ಪಟ್ಟು’ ಇದರ ಒಡಹುಟ್ಟುಗಳು. ಕಲಬುರಗಿಯವರಂತೂ ದಿನಕ್ಕೆ ನೂರು ಸಲ ಈ ಪದ ಆಡುತ್ತೇವೆ, ಗೊತ್ತಿಲ್ಲದೆಯೇ: ‘ಬರಲಿಕ್ಕೆ ಹತ್ತಿದ್ದಾನೆ’ ಸವೆದು ಸವೆದು ‘ಬರ್ಲತ್ತಾನ’ ಆಗಿದೆ. ಆ ‘ಲತ್ತಾ’ದೊಳಗೆ ಅವಿತಿರುವುದು ಇದೇ ‘ಹತ್ತು’. ಮುಖ್ಯವಾದದ್ದು ವ್ಯಾಕರಣ. ‘ಹಿಡಿ’ ಸಕರ್ಮಕ, ಅದಕ್ಕೆ ಹಿಡಿಯುವವರೊಬ್ಬರು ಬೇಕು. ಅದಕ್ಕೇ ಕಾಲೋ ಪ್ಲೇಟೋ ಎಂಬ ಜಗಳ. ‘ಹತ್ತು’ ಈ ಅರ್ಥದಲ್ಲಿ ಅಕರ್ಮಕ, ತಾನಾಗಿ ಆಗುವಂಥದ್ದು. ‘ಪ್ಲೇಟ್ ಹತ್ತವಲ್ದು’ ಎಂದರೆ ಅಲ್ಲಿ ಕಾಲು ನುಸುಳಲು ಜಾಗವೇ ಇಲ್ಲ.

ಎದುರು ಪದಕ್ಕೆ ಅಣ್ಣನನ್ನು ಕೇಳಿದೆ. ಕಮಲಾಪುರದ ಕಡೆ ಹೊಲ ಮಾಡಿಕೊಂಡಿರುವವನು. ಅವನಿಗೆ ತಡವೇ ಆಗಲಿಲ್ಲ: “ಏ ತಮ್ಮ, ತುಳಿದ್ರ ಎತ್ತಿನ ಕೊಳ್ಳ ಹರದಂಗ, ಬಿಟ್ರ ಹೂಡಿದಂಗ. ಅಷ್ಟೇ ಅಲ್ಲ?” ಎಂಥ ಸೊಗಸು! ಎಂಜಿನ್ನು ಎತ್ತು, ಗೇರ್‌ಬಾಕ್ಸು ಬಂಡಿ, ನಡುವೆ ನೊಗ; ಕೊಳ್ಳ ಹರಿಯುವುದೆಂದರೆ ಎತ್ತನ್ನು ನೊಗದಿಂದ ಬಿಚ್ಚುವುದು. ಎರಡು ದಿನ ಇದೇ ಅಮಲಿನಲ್ಲಿದ್ದೆ. ಆಮೇಲೆ ಉಸ್ತಾದರ ಹುಡುಗನೊಬ್ಬ ನೀರಿಳಿಸಿದ: “ಕ್ಲಚ್ ಹರೀತು ಅಂದ್ರ ವಾಯರ್ ಹರದದ ಅಂತನೇ ತಿಳೀತಾರ್ರಿ.” ನಿಜ. ಬೈಕಿನವರಿಗೆ ಅದೊಂದೇ ಅರ್ಥ. ಸದ್ಯಕ್ಕೆ ‘ಪ್ಲೇಟ್ ಕಳಚ್ತದ’ ಎಂದು ಬರೆದುಕೊಂಡಿದ್ದೇನೆ. ಮನಸ್ಸಿಗೆ ಪೂರಾ ಬಂದಿಲ್ಲ.

ಜಾರುವ ಪ್ಲೇಟಿಗೆ ಗ್ಯಾರೇಜಿನವರು ‘ಸ್ಲಿಪ್ ಹೊಡಿತದ’ ಅನ್ನುತ್ತಾರೆ. ‘ಜಾರ್ತದ’ ಸಾಕು, ಚರ್ಚೆ ಬೇಡ. ‘ಹೊತ್ತಿದ ವಾಸನಿ’ ಮಾತ್ರ ನನಗೆ ಇಷ್ಟವಾಯಿತು. ಗ್ಯಾರೇಜಿನಲ್ಲಿ ‘ಪ್ಲೇಟ್ ಸುಟ್ಟದ’ ಎನ್ನುತ್ತಾರೆ, ಹುಡುಗ ಅಡಿಗೆಮನೆಯ ಮಾತು ತಂದ. ತಳ ಹಿಡಿದ ಅನ್ನದ ಹಾಗೆ ಬರೀ ಮೇಲ್ಮೈ ಕರಕಾಗುವುದಕ್ಕೆ ‘ಹೊತ್ತು’ ಎಷ್ಟು ಕರಾರುವಾಕ್ಕು ನೋಡಿ.

ಇನ್ನು ಹೊಸ ಕ್ಲಚ್ ಆರಿಸುವ ಪ್ರಶ್ನೆ ಬಂತು. ಅಲ್ಲಿ ಹತ್ತು ಬಗೆ ಸಿಗುತ್ತವಂತೆ. ಹುಡುಗ ಒಂದಿಷ್ಟನ್ನು ಕನ್ನಡದಲ್ಲಿ ಬರೆದು ಕಳಿಸಿದ, ಉಸ್ತಾದರಿಗೆ ಓದಿ ಹೇಳಲಿ ಎಂದು. ಮೊದಲನೆಯದು ‘ಸಾವಯವ ಕ್ಲಚ್’. ನಾನು ಸಾವಯವ ತೊಗರಿ ಕೇಳಿದ್ದೆ, ಸಾವಯವ ಬೆಲ್ಲ ತಿಂದಿದ್ದೆ. ಇದು ಗೊಬ್ಬರ ಹಾಕದೆ ಬೆಳೆದ ಕ್ಲಚ್ಚೇ? ಇಂಗ್ಲಿಷಿನ ‘ಆರ್ಗ್ಯಾನಿಕ್’ ಅನ್ನು ನಿಘಂಟು ನೋಡಿ ಇಳಿಸಿದ್ದಾನೆ. ನಾರುಗಳನ್ನು ರಾಳದಲ್ಲಿ ಕೂಡಿಸಿ ಒತ್ತಿದ ಲೈನಿಂಗ್ ಇರುವ ಪ್ಲೇಟು ಅದು, ಕಾರ್ಖಾನೆಯಿಂದ ಬರುವ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವಂಥದ್ದು. ಹಿಂದೆ ಆ ನಾರು ಕಲ್ನಾರಾಗಿರುತ್ತಿತ್ತು, ಧೂಳು ಪುಪ್ಪುಸಕ್ಕೆ ಕೇಡೆಂದು ಕೈಬಿಟ್ಟರು. ನಾನು ‘ನಾರಿನ ಪ್ಲೇಟು’ ಎಂದು ತಿದ್ದಿದೆ. ಎರಡನೆಯದರಲ್ಲಿ ಸುತ್ತ ಪೂರಾ ಲೈನಿಂಗ್ ಬದಲು ಮೂರೋ ನಾಲ್ಕೋ ಆರೋ ಲೋಹದ, ಸಿರಾಮಿಕ್‌ನ ತುಂಡುಗಳು ಮಾತ್ರ ಇರುತ್ತವೆ. ಇದಕ್ಕೆ ‘ಬಿಲ್ಲೆ ಪ್ಲೇಟು’ ಎಂದೆ. ಉಸ್ತಾದರಿಗೆ ಕೂಡಲೇ ತಿಳಿಯಿತು, ಚಿತ್ರವೂ ಬೇಕಾಗಲಿಲ್ಲ.

ಅವರ ತೀರ್ಪು ಚುಟುಕು. “ರೇಸ್ ಆಡ್ತಾನೇನು? ಇಲ್ಲಂದ್ರ ಬಿಲ್ಲೆದು ಯಾಕ್ ಬೇಕು? ಅದು ಒಮ್ಮಿಗೇ ಗಪ್ ಅಂತ ಹತ್ತತದ, ಸಿಗ್ನಲ್‌ನ್ಯಾಗ ಜಟ್ಕಾ ಹೊಡಿತದ.” ಭಾರಿ ಸ್ಪ್ರಿಂಗಿನ ಪ್ರೆಶರ್ ಪ್ಲೇಟೂ ಬೇಡವೆಂದರು. ಪೆಡಲ್ ಕಲ್ಲಾಗುತ್ತದೆ, ಪ್ರತಿ ಸಲ ತುಳಿದಾಗಲೂ ಆ ಒತ್ತಡ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕಿನ ಮೇಲೆ ಬೀಳುತ್ತದೆ. ಎಂಜಿನ್ನಿನ ಬಲ ಹೆಚ್ಚಿಸದ ಗಾಡಿಗೆ ಮೊದಲಿದ್ದಂಥದ್ದೇ ಸಾಕು. (ಗಮನಿಸಿ, ‘ಹತ್ತತದ’ ಅಂದವರು ಉಸ್ತಾದರೇ. ನಾನು ಹೇಳಿಕೊಟ್ಟಿರಲಿಲ್ಲ.)

ಆ ‘ಜಟ್ಕಾ’ಕ್ಕೆ ಕನ್ನಡದ್ದೇ ಪದ ಹುಡುಕಲು ಹೋಗಿ ಸೋತೆ. ‘ಅದುರು’ ಸಣ್ಣದಾಯಿತು, ‘ಕುಲುಕು’ ಹಾಳು ರಸ್ತೆಯ ಮಾತಾಯಿತು. ಇಷ್ಟು ವರ್ಷ ನಮ್ಮ ಬಾಯಲ್ಲಿ ಆಡಿದ ಮೇಲೆ ಜಟ್ಕಾ ಕನ್ನಡವೇ ಎಂಬುದು ನನ್ನ ಪಕ್ಷ. ಒಪ್ಪದವರು ಬರೆಯಿರಿ.

ಅಳತೆಯ ವಿಷಯದಲ್ಲೂ ಒಂದು ಮಾತು ಸಿಕ್ಕಿತು. 1.6 ಲೀಟರಿನ ಗಾಡಿಯ ಪ್ಲೇಟು 200 ಮಿಲಿಮೀಟರ್, 1994ರಿಂದ ಬಂದ 1.8ರದ್ದು 215. ದೊಡ್ಡದನ್ನೇ ಹಾಕಿದರೆ ಹೆಚ್ಚು ಬಾಳುತ್ತದಲ್ಲ ಎಂದು ಹುಡುಗನ ಆಸೆ. ಆದರೆ ಆಗ 1.8ರ ಭಾರದ ಚಕ್ರವನ್ನೂ ಅದಕ್ಕೆ ಸರಿಯಾದ ಪ್ರೆಶರ್ ಪ್ಲೇಟನ್ನೂ ತರಬೇಕು. “ದೊಡ್ಡ ತವಾ ತಂದ್ರ ಒಲಿನೂ ದೊಡ್ಡದು ಬೇಕಲ್ಲ” ಎಂದರು ಉಸ್ತಾದರು. ನಾನು ‘ಭಾರದ ಚಕ್ರ’ ಎನ್ನುತ್ತಿರುವುದು ಫ್ಲೈವೀಲಿಗೆ. ‘ಗತಿಪಾಲಕ ಚಕ್ರ’ ಎಂದಾಗ ಅವರು ನನ್ನನ್ನೇ ನೋಡುತ್ತ ಕೂತರು, ‘ಭಾರದ ಚಕ್ರ’ ಎಂದಾಗ ತಲೆಯಾಡಿಸಿದರು.

ಕೊನೆಗೆ ಹುಡುಗ ತರಿಸಿದ್ದು 200ರ ನಾರಿನ ಪ್ಲೇಟೇ, ಜೊತೆಗೆ ಪ್ರೆಶರ್ ಪ್ಲೇಟು, ಬೇರಿಂಗು. ಗೇರ್‌ಬಾಕ್ಸ್ ಇಳಿಸಿದ ಮೇಲೆ ಇವನ್ನೆಲ್ಲ ಒಟ್ಟಿಗೆ ಬದಲಿಸದಿದ್ದರೆ ಮತ್ತೊಮ್ಮೆ ಇಳಿಸುವ ಪಾಳಿ ಬರುತ್ತದೆಂದು ಉಸ್ತಾದರು ಮೂರು ಸಲ ಹೇಳಿದ್ದರು. ಭಾರದ ಚಕ್ರದ ಮುಖವನ್ನು ಲೇತಿನವರಲ್ಲಿ ಸಾಪು ಮಾಡಿಸಿಕೊಂಡ. ಆ ಬೇರಿಂಗಿನ ಇಂಗ್ಲಿಷ್ ಹೆಸರಿನಲ್ಲೂ (ರಿಲೀಸ್ ಬೇರಿಂಗ್) ‘ಬಿಡಿಸುವ’ ಎಂಬ ಅರ್ಥವೇ ಇದೆ, ಪ್ಲೇಟಿನ ಕಡೆಯಿಂದ ನೋಡಿ ಇಟ್ಟದ್ದು. ನಮ್ಮ ಗ್ಯಾರೇಜಿನಲ್ಲಿ ಅದು ಬರೀ ‘ಕ್ಲಚ್ ಬೇರಿಂಗ್’. ಹಾಗೇ ಇರಲಿ, ಇನ್ನೊಂದು ‘ಬಿಡು’ ಬೇಡ.

ಗಾಡಿ ಸರಿಯಾದ ದಿನ ಬೆಳಗಿನ ಜಾವ ಅವನಿಂದ ಸಂದೇಶ ಬಂತು, ನಾನು ಕಲಿಸಿದ ಪದವನ್ನೇ ಬಳಸಿ: “ಹತ್ತಿತು ಕಾಕಾ!” ಮೊಬೈಲು ಮೊದಲು ನೋಡಿದವಳು ನನ್ನ ಹೆಂಡತಿ. “ಅಯ್ಯ ಶಿವನೇ, ಗಾಡಿಗಿ ಬೆಂಕಿ ಹತ್ಯಾದೇನ್ರಿ?” ಎಂದು ನನ್ನನ್ನು ಎಬ್ಬಿಸಿದಳು.

ಹಾಗಾಗಿ ನನ್ನ ಪದವೂ ಒಬ್ಬಂಟಿಯಾಗಿ ನಿಲ್ಲುವುದಿಲ್ಲ. ‘ಪ್ಲೇಟು’ ಜೊತೆಗಿದ್ದರೇ ಕ್ಷೇಮ. ಬೀದರ, ಯಾದಗಿರಿ ಕಡೆಯ ಗ್ಯಾರೇಜುಗಳಲ್ಲಿ ಇದಕ್ಕೆ ಏನೆನ್ನುತ್ತಾರೆ? ಮೈಸೂರು, ಮಂಗಳೂರಿನ ಡ್ರೈವರುಗಳು ಕ್ಲಚ್ ‘ಹಿಡಿ’ಯುತ್ತಾರೋ, ‘ಒತ್ತು’ತ್ತಾರೋ, ‘ತುಳಿ’ಯುತ್ತಾರೋ? ‘ಕಳಚು’ ಬದಲಿಗೆ ಇನ್ನೂ ಒಳ್ಳೆಯದು ಯಾರ ಬಳಿಯಾದರೂ ಇದ್ದರೆ ತಿಳಿಸಿ. ನಿಘಂಟಿನದಕ್ಕಿಂತ ಯಾರೋ ಆಡಿದ್ದನ್ನು ನೀವೇ ಕೇಳಿದ ಪದವಾದರೆ ಹೆಚ್ಚು ಉಪಕಾರ, ಯಾವ ಊರಲ್ಲಿ ಕೇಳಿದ್ದೆಂದೂ ಬರೆಯಿರಿ.