ಮಲ್ಲಿಗೆ ಕ್ಲಿಪ್ ಸಮೇತ ಜಾರುತ್ತದೆ: 62ರಲ್ಲಿ ಕೂದಲು ಉದುರಿದರೆ ಎಂತ ಮಾಡುವುದು?

ಕಲ್ಸಂಕದ ಟೀಚರ್ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ನನಗೆ 62. ಉಡುಪಿ ಕಲ್ಸಂಕದ ಹತ್ತಿರ ಮನೆ. ಪ್ರೈಮರಿ ಶಾಲೆಯಿಂದ ರಿಟೈರ್ ಆಗಿ ಎರಡು ವರ್ಷ ಆಯಿತು.

ಹೋದ ಭಾನುವಾರ ಕಾಪುವಿನಲ್ಲಿ ನೆಂಟರ ಮನೆ ಒಕ್ಕಲು. ಒಂದು ಚೆಂಡು ಶಂಕರಪುರ ಮಲ್ಲಿಗೆ ಮುಡಿದು ಹೋಗಿದ್ದೆ. ಊಟಕ್ಕೆ ಕೂತು, ಸಾರು ಹರಿಯದ ಹಾಗೆ ಅನ್ನ ಕಟ್ಟಲು ಎಲೆಗೆ ಬಗ್ಗಿದ್ದೇ ತಡ, ಮಲ್ಲಿಗೆ ಕ್ಲಿಪ್ ಸಮೇತ ಜಾರಿ ಸೀದಾ ಅನ್ನದ ಮೇಲೆ. ಪಕ್ಕದಲ್ಲಿದ್ದ ಅತ್ತಿಗೆ "ಇದೆಂತ, ಹೂವಿನ ಪಲ್ಯವಾ?" ಅಂದಳು. ನಾನೂ ನಕ್ಕೆ. ಮನೆಗೆ ಬಂದು ಕನ್ನಡಿ ಮುಂದೆ ನಿಂತಾಗ ನಗು ಬರಲಿಲ್ಲ.

ಘಟ್ಟದ ಮೇಲಿನವರಿಗೆ ಹೇಳುತ್ತೇನೆ, ಒಂದು ಚೆಂಡು ಅಂದರೆ 800 ಹೂ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮೊದಲು ನನ್ನ ಜಡೆಗೆ ಅರ್ಧ ಅಟ್ಟೆ ಸುತ್ತಿದರೂ ಜಾಗ ಉಳಿಯುತ್ತಿತ್ತು. ಈಗ ಒಂದು ಚೆಂಡಿನ ಭಾರ ತಡೆಯುವುದಿಲ್ಲ.

ಮುಟ್ಟು ನಿಂತ ಮೇಲೆ ನಿಧಾನಕ್ಕೆ ತೆಳುವಾಗುತ್ತಾ ಬಂದದ್ದು ಹೌದು. ಬೈತಲೆ ಮೊದಲು ಪೆನ್ಸಿಲ್ ಗೀಟಿನ ಹಾಗೆ ಇತ್ತು, ಈಗ ಚಾಕ್‌ಪೀಸ್ ಅಗಲ. ಆದರೆ ನವರಾತ್ರಿಯಿಂದ ಈಚೆಗೆ ವಿಪರೀತ. ಬಚ್ಚಲಿನ ಜಾಲರಿಯಲ್ಲಿ ತಲೆಸ್ನಾನದ ದಿನ ನಿಂಬೆ ಗಾತ್ರದ ಉಂಡೆ. ಮೊನ್ನೆ ನಮ್ಮವರಿಗೆ ನೀರುದೋಸೆಯಲ್ಲಿ ಒಂದು ಸಿಕ್ಕಿತು. ಏನೂ ಹೇಳದೆ ತೆಗೆದು ತಟ್ಟೆಯ ಬದಿಗೆ ಇಟ್ಟರು. ಬೈದಿದ್ದರೆ ಇಷ್ಟು ಬೇಸರ ಆಗುತ್ತಿರಲಿಲ್ಲ.

ದಾಸವಾಳ ಸೊಪ್ಪಿನ ಗೊಂಪು, ಅಂದರೆ ಲೋಳೆ, ಹಾಕಿ ಆಯಿತು. ಈರುಳ್ಳಿ ರಸವೂ ಆಯಿತು, ಎರಡು ದಿನ ಮೊಮ್ಮಗ ಹತ್ತಿರ ಬರಲಿಲ್ಲ. ಕೂದಲಿಗೆ ಅಂತ ಮೆಡಿಕಲ್‌ನಲ್ಲಿ ಕೊಟ್ಟ ಬಯೋಟಿನ್ ಎಂಬ ವಿಟಮಿನ್ ಮಾತ್ರೆ ಒಂದು ತಿಂಗಳಿಂದ ತಿನ್ನುತ್ತಿದ್ದೇನೆ. ಬಿಪಿ ಮಾತ್ರೆ ಒಂದುಂಟು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಡೆಂಗಿ ಬಂದು ಐದು ದಿನ ಆಸ್ಪತ್ರೆಯಲ್ಲಿ ಇದ್ದದ್ದು ಬಿಟ್ಟರೆ ಬೇರೆ ಕಾಯಿಲೆ ಇಲ್ಲ.

ಒಂದು ಹೇರ್ ಕ್ಲಿನಿಕ್‌ಗೂ ಹೋಗಿದ್ದೆ. ತಲೆಗೆ ಕ್ಯಾಮೆರಾ ಹಿಡಿದು ಟಿವಿಯಲ್ಲಿ ತೋರಿಸಿದರು. ನನ್ನ ಮಂಡೆ ಬೇಸಿಗೆಯ ಗದ್ದೆ ಹಾಗೆ ಕಾಣುತ್ತಿತ್ತು. ಐದೇ ನಿಮಿಷದಲ್ಲಿ ಆರು ಸಿಟ್ಟಿಂಗ್, 36 ಸಾವಿರ, ಇವತ್ತೇ ಕಟ್ಟಿದರೆ ಡಿಸ್ಕೌಂಟ್. ಜ್ವರ ಬಂದಿತ್ತಾ, ಯಾವ ಮಾತ್ರೆ ತಗೊಳ್ತೀರಿ, ಒಬ್ಬರೂ ಕೇಳಲಿಲ್ಲ. ಪರ್ಸ್ ಮರೆತು ಬಂದೆ ಅಂತ ಸುಳ್ಳು ಹೇಳಿ ಎದ್ದು ಬಂದೆ. 36 ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದು ಅಂತ ಕಲಿಸಿದವಳು!

ಮೇ ತಿಂಗಳಲ್ಲಿ ಮಗನ ಮದುವೆ. ಅಕ್ಕ ಚೌರಿ ಹಾಕಿಕೋ ಅನ್ನುತ್ತಾಳೆ, ಮಗಳು ಬಾಬ್ ಮಾಡಿಸು ಅನ್ನುತ್ತಾಳೆ. ಇದು ಪ್ರಾಯದ್ದಾ, ಕಾಯಿಲೆಯಾ? ಸುಮ್ನೆ ಇರುವುದಾ, ಏನಾದರೂ ಮಾಡುವುದಾ?

ಕದ್ರಿ ಅಕ್ಕ

ಟೀಚರೇ, ನಾನು ಡಾಕ್ಟರ್ ಅಲ್ಲ. ಮಂಗಳೂರಿನಲ್ಲಿ 30 ವರ್ಷ ಲ್ಯಾಬ್‌ನಲ್ಲಿ ಊರವರ ರಕ್ತ ತೆಗೆದವಳು. ಈಗ 65. ನನ್ನದೂ ಇದೇ ಕಥೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಉತ್ತರ ನೀವೇ ಬರೆದಿದ್ದೀರಿ, "ಬಿಟ್ಟರೆ" ಅಂತ ಬಿಟ್ಟೂ ಬಿಟ್ಟಿದ್ದೀರಿ. ಡೆಂಗಿ! ತಲೆಯಲ್ಲಿ ಹೆಚ್ಚಿನ ಕೂದಲು ಬೆಳೆಯುತ್ತಾ ಇರುತ್ತದೆ, ಸ್ವಲ್ಪ ಮಾತ್ರ ರೆಸ್ಟ್‌ನಲ್ಲಿ. ಜೋರು ಜ್ವರ ಬಂದರೆ ತುಂಬಾ ಕೂದಲು ಒಟ್ಟಿಗೆ ರೆಸ್ಟ್‌ಗೆ ಹೋಗುತ್ತದೆ. ಆದರೆ ಆಗಲೇ ಉದುರುವುದಿಲ್ಲ, ಎರಡು ಮೂರು ತಿಂಗಳು ಬಿಟ್ಟು ಉದುರುತ್ತದೆ. ಅಷ್ಟು ಹೊತ್ತಿಗೆ ಜ್ವರ ನಮಗೆ ಮರೆತಿರುತ್ತದೆ, ಶಾಂಪೂಗೆ ಬೈಯುತ್ತೇವೆ. ಆಟಿಯಿಂದ ನವರಾತ್ರಿಗೆ ಲೆಕ್ಕ ಹಾಕಿ ನೋಡಿ. ದಿನಕ್ಕೆ 50ರಿಂದ 100 ಕೂದಲು ಯಾರಿಗೂ ಉದುರುತ್ತದೆ, ನಿಮ್ಮದು ಅದಕ್ಕಿಂತ ಎಷ್ಟೋ ಜಾಸ್ತಿ. ಜ್ವರದ್ದು ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ. ಹೊಸತು ಬರುವುದು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಹಾಗಾಗಿ ಮೇಗೆ ಜಡೆ ಬರುವುದಿಲ್ಲ.

ಬೈತಲೆ ಅಗಲ ಆದದ್ದು ಬೇರೆ ವಿಷಯ. ಅದು ಪ್ರಾಯದ್ದು, ಮನೆತನದ್ದು. ಬುಡ ಸಣ್ಣದಾಗುತ್ತಾ ಪ್ರತಿ ಸಲ ಮೊದಲಿಗಿಂತ ಸಪೂರ ಕೂದಲು ಹುಟ್ಟುತ್ತದೆ. ನಮ್ಮ ಹೆಂಗಸರಿಗೆ ಗಂಡಸರ ಹಾಗೆ ಹಣೆಯಿಂದ ಹಿಂದೆ ಹೋಗುವುದು ಕಡಿಮೆ, ನಡುನೆತ್ತಿಯೇ ತೆಳುವಾಗುವುದು. ನಿಮಗೆ ಇದರ ಮೇಲೆ ಜ್ವರದ್ದೂ ಬಂದು ಕೂತಿದೆ.

ಒಮ್ಮೆ ಚರ್ಮದ ಡಾಕ್ಟರಿಗೆ ತೋರಿಸಿ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಥೈರಾಯ್ಡ್, ಬಿ12, ವಿಟಮಿನ್ ಡಿ ನೋಡಿಸಲು ಹೇಳಬಹುದು. ಒಂದು ಮಾತು ಲ್ಯಾಬಿನವಳಾಗಿ ಹೇಳುತ್ತೇನೆ: ರಕ್ತ ಕೊಡುವ ಮೊದಲು ಬಯೋಟಿನ್ ನಿಲ್ಲಿಸಿ, ಎಷ್ಟು ದಿನ ಅಂತ ಡಾಕ್ಟರನ್ನೇ ಕೇಳಿ. ಅದು ಥೈರಾಯ್ಡ್ ರಿಪೋರ್ಟನ್ನು ತಲೆಕೆಳಗು ಮಾಡಬಹುದು. ಒಬ್ಬರಿಗೆ ಮೂರು ಸಲ ರಕ್ತ ತೆಗೆದು, ಕೊನೆಗೆ "ಕೂದಲಿಗೆ ಎಂತಾದರೂ ತಗೊಳ್ತೀರಾ" ಅಂತ ಕೇಳಿದಾಗ ಬ್ಯಾಗಿನಿಂದ ಡಬ್ಬಿ ಹೊರಬಂತು. ಬಯೋಟಿನ್ ಕೊರತೆ ಇರುವವರೇ ಕಡಿಮೆ, ಕೊರತೆ ಇಲ್ಲದವರು ತಿಂದು ಪ್ರಯೋಜನವೂ ಕಡಿಮೆ.

ಹುಬ್ಬು ಉದುರುತ್ತಿದ್ದರೆ, ಹಣೆಯ ಅಂಚು ಹಿಂದೆ ಹೋಗುತ್ತಿದ್ದರೆ, ಬುಡ ಕೆಂಪಾಗಿ ಉರಿಯುತ್ತಿದ್ದರೆ ತಡ ಮಾಡಬೇಡಿ. ಮುಟ್ಟು ನಿಂತವರಿಗೆ ಬರುವ ಬೇರೆ ಒಂದು ತೊಂದರೆ ಉಂಟು, ಅದರಲ್ಲಿ ಬುಡವೇ ಕಲೆಗಟ್ಟಿ ಹೋಗುತ್ತದೆ. ಹೋದದ್ದು ಬರುವುದಿಲ್ಲ.

ನಾನು ಮಿನಾಕ್ಸಿಡಿಲ್ ಹಚ್ಚುವುದು, ಮೂರು ವರ್ಷ ಆಯಿತು. ಅದು ಮೊದಲು ಬಿಪಿಗೆ ಇದ್ದ ಮಾತ್ರೆ. ತಿಂದವರಿಗೆ ಎಲ್ಲೆಲ್ಲೋ ರೋಮ ಬಂತು, ಹಾಗೆ ತಲೆಗೆ ಹಚ್ಚುವ ಔಷಧ ಆಯಿತು. ನಿಮಗೆ ಬಿಪಿ ಇರುವುದರಿಂದ ಕೇಳದೆ ಶುರು ಮಾಡಬೇಡಿ. ಮೊದಲ ತಿಂಗಳು ಉದುರುವುದು ಜಾಸ್ತಿಯೇ ಆಯಿತು. ನಾನು ಹೆದರಿ ಬಾಟಲಿ ಬಿಸಾಡಿದೆ! ಹಾಗೆ ಆಗುವುದುಂಟು, ಬಿಡಬೇಡಿ ಅಂತ ಡಾಕ್ಟರ್ ಬೈದ ಮೇಲೆ ಪುನಃ ತಂದದ್ದು. ಗುಣ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ಹಣೆ ಬದಿಯಲ್ಲಿ ಸಣ್ಣ ರೋಮ ಬಂತು, ಹಚ್ಚಿದ ಕೂಡಲೇ ಮಲಗಿದರೆ ದಿಂಬಿನಿಂದ ಮುಖಕ್ಕೆ ತಾಗುತ್ತದೆ. ಬಿಟ್ಟರೆ ಬಂದದ್ದೂ ಕೆಲವೇ ತಿಂಗಳಲ್ಲಿ ಹೋಗುತ್ತದೆ. ನಿಮ್ಮ ಲೆಕ್ಕದಲ್ಲಿ ಹೇಳುವುದಾದರೆ ನನ್ನ ಬೈತಲೆ ಚಾಕ್‌ಪೀಸ್‌ನಿಂದ ಸ್ಲೇಟಿನ ಕಡ್ಡಿಗೆ ಬಂತು. ಪೆನ್ಸಿಲ್ ಗೀಟು ಆಗಲಿಲ್ಲ. ತಿಂಗಳಿಗೊಮ್ಮೆ ಅದೇ ಕಿಟಕಿ ಹತ್ತಿರ ನಿಂತು ನೆತ್ತಿಯ ಫೋಟೊ ತೆಗೆದಿಡಿ. ಕನ್ನಡಿ ದಿನಕ್ಕೊಂದು ಹೇಳುತ್ತದೆ.

ಕಾರ್ಕಳದ ಗೊಂಪು

ಎಲ್ಲದಕ್ಕೂ ಬೋರ್‌ವೆಲ್ ನೀರೇ ಕಾರಣ. ನನ್ನ ಅಜ್ಜಿ ಬಾವಿ ನೀರು, ಗೊಂಪು, ಗಾಣದ ಎಣ್ಣೆ ಬಿಟ್ಟು ಬೇರೆ ಮುಟ್ಟಿದವರಲ್ಲ. 80ರಲ್ಲೂ ಸೊಂಟದವರೆಗೆ ಕೂದಲು. ಆ ಲೋಷನ್ ಗೀಷನ್ ಬೇಡ ಟೀಚರ್.

ಕದ್ರಿ ಅಕ್ಕ

ಗೊಂಪು ಒಳ್ಳೆಯದೇ ತಮ್ಮಾ, ನಾನೂ ಹಾಕುತ್ತೇನೆ. ಗಡಸು ನೀರಿಗೆ ಕೂದಲು ಒರಟಾಗಿ ಮಧ್ಯದಲ್ಲಿ ತುಂಡಾಗಬಹುದು, ಬುಡದಿಂದ ಬರುವುದಿಲ್ಲ. ತೆಂಗಿನೆಣ್ಣೆ ಇದ್ದ ಕೂದಲನ್ನು ಕಾಯುತ್ತದೆ, ಇಲ್ಲದ್ದನ್ನು ಹುಟ್ಟಿಸುವುದಿಲ್ಲ. ನಿನ್ನ ಅಜ್ಜಿಗೆ ಅವರ ಅಮ್ಮ ಕೊಟ್ಟ ಕೂದಲು. ನನ್ನ ಅಜ್ಜಿಯೂ ಅದೇ ಗೊಂಪು ಹಾಕಿದವರು, 60ಕ್ಕೆ ತುರುಬು ಅಡಿಕೆಯಷ್ಟು ಇತ್ತು.

ಸುರತ್ಕಲ್ ಬೋಳಣ್ಣ

ಹೆಂಗಸರ ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನಗೆ 68. ತಲೆಯಲ್ಲಿ ಎಂತದೂ ಇಲ್ಲ. ಕ್ಷೌರದವನು ಈಗಲೂ ಪೂರ್ತಿ ದುಡ್ಡು ತಗೊಳ್ಳುತ್ತಾನೆ, ಕೇಳಿದರೆ "ಹುಡುಕುವ ಚಾರ್ಜ್" ಅಂತಾನೆ ಮಾರಾಯ್ರೆ.

ಗಂಡಸರು ಓದುತ್ತಿದ್ದರೆ ಒಂದು ವಿಷಯ. ಪ್ರೊಸ್ಟೇಟ್‌ಗೆ ನನಗೆ ಫಿನಾಸ್ಟೆರೈಡ್ ಕೊಟ್ಟಿದ್ದಾರೆ. ಅದನ್ನೇ ಕಡಿಮೆ ಡೋಸ್‌ನಲ್ಲಿ ಕೂದಲಿಗೂ ಕೊಡುವುದು. ಅದು ತಿನ್ನುವಾಗ ಪಿಎಸ್‌ಎ, ಅಂದರೆ ಪ್ರೊಸ್ಟೇಟ್ ಕ್ಯಾನ್ಸರ್ ಸಂಶಯಕ್ಕೆ ನೋಡುವ ರಕ್ತದ ಟೆಸ್ಟ್, ಅರ್ಧದಷ್ಟು ಕಡಿಮೆ ತೋರಿಸುತ್ತದೆ. ಕೂದಲಿಗೆ ಅಂತ ಗುಟ್ಟಾಗಿ ತಿಂದು ಡಾಕ್ಟರಿಗೆ ಹೇಳದಿದ್ದರೆ ರಿಪೋರ್ಟ್ ಚೆಂದ ಕಾಣುತ್ತದೆ, ಒಳಗೆ ಎಂತ ಉಂಟೋ ಗೊತ್ತಾಗುವುದಿಲ್ಲ. ಮನೆಯಲ್ಲಿ ಬಸುರಿಯರಿದ್ದರೆ ಒಡೆದ ಮಾತ್ರೆ ಮುಟ್ಟಲು ಬಿಡಬೇಡಿ.

ನೆತ್ತಿಗೆ ಬಿಸಿಲು ಹೊಡೆದು ಸಿಪ್ಪೆ ಎದ್ದ ಮೇಲೆ ತೋಟಕ್ಕೆ ಹೋಗುವಾಗ ಮುಟ್ಟಾಳೆ (ಅಡಿಕೆ ಹಾಳೆಯ ಟೊಪ್ಪಿ) ಇಡುತ್ತೇನೆ. ನನ್ನ ಮಂಡೆಯ ಅಳತೆಗೇ ಮಾಡಿಸಿದ್ದು. ವಿಗ್ಗಿಗಿಂತ ಚೆಂದ ಕೂತುಕೊಳ್ಳುತ್ತದೆ.

ಕಲ್ಸಂಕದ ಟೀಚರ್, ಎಂಟು ವಾರದ ಮೇಲೆ

ಎಲ್ಲರಿಗೂ ಉಪಕಾರ ಆಯಿತು. ಬಯೋಟಿನ್ ಬಿಟ್ಟೇ ರಕ್ತ ಕೊಟ್ಟೆ. ಥೈರಾಯ್ಡ್ ಸರಿ ಉಂಟು, ಫೆರಿಟಿನ್ 14, ಕಡಿಮೆಯಂತೆ. ಡಾಕ್ಟರಮ್ಮ ಮೊದಲು ಕೇಳಿದ್ದೇ "ನಾಲ್ಕೈದು ತಿಂಗಳೊಳಗೆ ಜ್ವರ ಬಂದಿತ್ತಾ?" ನನಗೆ ಕದ್ರಿ ಅಕ್ಕನೇ ಎದುರು ಕೂತ ಹಾಗಾಯಿತು. ಹುಬ್ಬು, ಹಣೆ ಎಲ್ಲ ನೋಡಿ ಅಲ್ಲೇನೂ ಇಲ್ಲ ಅಂದರು. ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ಊಟದ ಕೂಡಲೇ ಚಹಾ ಕುಡಿಯಬಾರದಂತೆ, ಕೂದಲಿಗಿಂತ ಅದೇ ಕಷ್ಟ. ಬಿಪಿ ನೋಡಿಯೇ ಲೋಷನ್ ಬರೆದುಕೊಟ್ಟರು. ಬೋಳಣ್ಣನ ಉತ್ತರ ನಮ್ಮವರಿಗೆ ಓದಿ ಹೇಳಿದೆ, ಅವರಿಗೂ ಒಂದು ಮುಟ್ಟಾಳೆ ಬೇಕಂತೆ.

ಜಾಲರಿಯ ಉಂಡೆ ನಿಂಬೆಯಿಂದ ನೆಲ್ಲಿಕಾಯಿಗೆ ಇಳಿದಿದೆ. ಹಣೆಯ ಹತ್ತಿರ ಸಣ್ಣ ಕೂದಲು ಮುಳ್ಳಿನ ಹಾಗೆ ಎದ್ದು ನಿಂತಿದೆ, ಎಣ್ಣೆ ಹಾಕಿದರೂ ಕೂರುವುದಿಲ್ಲ. ಮಗಳು ಅದನ್ನು ನೋಡಿ ಚಪ್ಪಾಳೆ ತಟ್ಟಿದಳು.

ಚೌರಿಯನ್ನು ಈ ವಾರ ಪರೀಕ್ಷೆ ಮಾಡಿದೆ. ಬಿಗಿ ಕಟ್ಟಿದರೆ ಇದ್ದ ಬುಡವೂ ಎಳೆಯುತ್ತದೆ ಅಂತ ಬೇಡ ಅನಿಸಿತು. ಬದಲಿಗೆ ಸಡಿಲ ತುರುಬಿಗೆ ಕಪ್ಪು ಬಲೆ ಹಾಕಿ, ಹೂವನ್ನು ಕೂದಲಿಗೆ ಅಲ್ಲ, ಬಲೆಗೇ ದಾರದಲ್ಲಿ ಕಟ್ಟಿದೆ. ರಥಬೀದಿಯಲ್ಲಿ ಹೂವಿನವಳು "ಒಂದು ಚೆಂಡಾ ಟೀಚರೇ?" ಅಂದಾಗ ಅರ್ಧ ಸಾಕು ಅಂದೆ. ಮೊನ್ನೆ ಒಂದು ಉಪನಯನದ ಊಟದಲ್ಲಿ ಸಾರಿಗೂ ಬಗ್ಗಿದೆ, ಪಾಯಸಕ್ಕೂ ಬಗ್ಗಿದೆ. ಬೀಳಲಿಲ್ಲ. ಊಟ ಮುಗಿಯುವವರೆಗೂ ಎಡಗೈ ಮಾತ್ರ ತಲೆ ಮೇಲೆಯೇ ಇತ್ತಂತೆ, ಅತ್ತಿಗೆ ಹೇಳಿದಳು.